ಏಳನೇ ಸಾಲಿನ ಕೂಸುಗಳು

ಫೆಬ್ರುವರಿ ಹದಿನೇಳು, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಶಾಮೀರ್‌ಪೇಟೆ ಕೆರೆಯಾಚೆಯ ಠಾಣೆಗೆ ದೂರು ಬಂತು. ತಂದವರು ಶಿಶು ರಕ್ತ ತಪಾಸಣಾ ಕೇಂದ್ರದ ಮುಖ್ಯಸ್ಥ ಡಾ. ಶ್ರೀಕರ್. ಮೂರು ದಿನ ಮಂತ್ರಿಗಳ ಬಂದೋಬಸ್ತಿನಲ್ಲಿ ನಿಂತು ಕಾಲು ಊದಿಸಿಕೊಂಡಿದ್ದ ಇನ್‌ಸ್ಪೆಕ್ಟರ್ ಬಾಲನರ್ಸಯ್ಯನವರಿಗೆ ಎರಡು ಸಲ ಓದಿದರೂ ಅದರ ತಲೆಬುಡ ತಿಳಿಯಲಿಲ್ಲ. ಯಾರೋ ಯಂತ್ರದ ನಕ್ಷೆ ತಿದ್ದಿದ್ದಾರೆ ಎಂಬುದಷ್ಟೇ ಅರ್ಥವಾಯಿತು.

ಕೂರಿಸಿ, ಚಹಾ ತರಿಸಿ, ಮೊದಲಿನಿಂದ ಹೇಳಿಸಿದರು. ಹುಟ್ಟಿದ ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತ ಕಾರ್ಡಿನ ಮೇಲೆ ಒಣಗಿ ಈ ಕೇಂದ್ರಕ್ಕೆ ಬರುತ್ತದೆ. ಅದನ್ನು ನೆನೆಸಿದ ದ್ರವವನ್ನು ಅಳೆದು ಪರೀಕ್ಷಿಸಿದರೆ ಥೈರಾಯ್ಡ್ ಕೆಲಸ ಮಾಡುತ್ತಿದೆಯೇ ತಿಳಿಯುತ್ತದೆ. ಮಾಡದಿದ್ದರೆ ಎರಡು ವಾರದೊಳಗೆ ಮಾತ್ರೆ ಶುರುವಾಗಬೇಕು. ತಡವಾದರೆ ಮಗುವಿನ ಬುದ್ಧಿ ಬೆಳೆಯುವುದಿಲ್ಲ; ಆಮೇಲೆ ಯಾವ ಔಷಧಿಯೂ ಅದನ್ನು ತಂದುಕೊಡುವುದಿಲ್ಲ. ಆ ಅಳತೆಯನ್ನು ಹನ್ನೊಂದು ಹೆಂಗಸರು ಕೈಯಿಂದಲೇ ಮಾಡುತ್ತಿದ್ದರು. ಜನವರಿಯಲ್ಲಿ ಯಂತ್ರ ಬಂತು. ಕಂಪ್ಯೂಟರ್ ಪರದೆಯ ಮೇಲೆ ಬಣ್ಣದ ಚೌಕಗಳನ್ನು ಎಳೆದಿಟ್ಟು, ಇಲ್ಲಿ ಹೀರು, ಅಲ್ಲಿ ಸುರಿ ಎಂದು ಗೆರೆ ಜೋಡಿಸಿ ನಕ್ಷೆ ಮಾಡಿಕೊಟ್ಟರೆ ಯಂತ್ರ ಹಾಗೆಯೇ ಮಾಡುತ್ತದೆ.

ನಾಲ್ಕನೇ ತಾರೀಖು ಒಂದು ಕೂಸಿಗೆ ಖಾಯಿಲೆಯಿಲ್ಲ ಎಂದು ವರದಿ ಹೋಗಿತ್ತು. ಖಾಯಿಲೆ ಇತ್ತು. ಊರಿನ ಡಾಕ್ಟರಿಗೆ ಅನುಮಾನ ಬಂದು ಅದರ ಕಾರ್ಡನ್ನು ಕೈಯಿಂದ ಮತ್ತೆ ಪರೀಕ್ಷಿಸಿ, ಅವತ್ತಿನ ಅಂಕಿಗಳನ್ನು ಹೋಲಿಸಿದಾಗ, ಸಾಲುಸಾಲು ಗುಳಿಗಳ ಪ್ಲೇಟಿನಲ್ಲಿ ಏಳನೇ ಸಾಲನ್ನು ಯಂತ್ರ ಮುಟ್ಟೇ ಇಲ್ಲವೆಂದೂ ಆರನೇ ಸಾಲನ್ನೇ ಎರಡು ಸಲ ಹೀರಿದೆಯೆಂದೂ ಗೊತ್ತಾಯಿತು. ಸಾಲಿಗೆ ಎಂಟು ಕೂಸು. ಈಗ ತೆರೆದು ನೋಡಿದರೆ ನಕ್ಷೆ ಸರಿಯಾಗಿಯೇ ಇದೆ. ಯಾರೋ ಕೆಡಿಸಿ, ಕೆಲಸ ಮುಗಿದ ಮೇಲೆ ಹಳೆಯದನ್ನೇ ಮತ್ತೆ ಇಟ್ಟಿದ್ದಾರೆ.

"ಅದೊಂದೇ ದಿನಾನಾ?"

"ಗೊತ್ತಿಲ್ಲ ಸಾರ್."

ಯಂತ್ರ ಓಡಿದ್ದು ಒಂಬತ್ತು ದಿನ, ಸಾವಿರದ ಆರುನೂರು ಕೂಸುಗಳು. ಕೈಯಿಂದ ಎಲ್ಲವನ್ನೂ ಮತ್ತೆ ಮಾಡಲು ಮೂರು ವಾರ ಬೇಕು. ಕೆಡಿಸಿದವರು ದಿನ, ಸಾಲು ಹೇಳಿದರೆ ಒಂದು ಮಧ್ಯಾಹ್ನ ಸಾಕು. ಬಾಲನರ್ಸಯ್ಯ ಚಹಾದ ಲೋಟ ಪಕ್ಕಕ್ಕಿಟ್ಟರು. ಹನ್ನೊಂದು ನಲವತ್ತಕ್ಕೆ ಎಫ್‌ಐಆರ್ ಆಯಿತು, ನಂಬರ್ 88.

ಒಂದೂವರೆಗೆ ಕೇಂದ್ರದಲ್ಲಿ ಇಬ್ಬರು ಪಂಚರ ಮುಂದೆ ಯಂತ್ರಕ್ಕೂ ಕಂಪ್ಯೂಟರಿಗೂ ಸೀಲು ಬಿತ್ತು. ಪಂಚನಾಮೆ ಬರೆದವಳು ಕಾನ್‌ಸ್ಟೇಬಲ್ ಸ್ವರೂಪ. ಕಂಪ್ಯೂಟರಿಗೆ ಯಾರ ಪಾಸ್‌ವರ್ಡ್ ಎಂದು ಕೇಳಿದರೆ ಎಲ್ಲರದೂ ಒಂದೇ ಎಂದರು. ಊರಿಗೆಲ್ಲ ಒಂದೇ ಬೀಗದ ಕೈ! ಇಂಥ ಜಾಗದಲ್ಲಿ ಬೆರಳಚ್ಚು ಹುಡುಕಿ ಏನು ಮಾಡುವುದು?

ಇನ್ನೊಂದು ಮಾತು ಡಾಕ್ಟರ ಬಾಯಿಂದ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಯಂತ್ರ ಇನ್ನೂ ಪ್ರಯೋಗದಲ್ಲಿತ್ತು, ತಿಂಗಳ ಕೊನೆಯವರೆಗೆ ಅದಕ್ಕೆ ಆಗಲೇ ಕೈಯಿಂದ ಪರೀಕ್ಷಿಸಿ ವರದಿ ಕಳಿಸಿದ್ದ ಹಳೆಯ ಕಾರ್ಡುಗಳನ್ನಷ್ಟೇ ಹಾಕಬೇಕಿತ್ತು. ಹಾಗಿದ್ದರೆ ಹೊಸ ಕೂಸುಗಳ ಕಾರ್ಡು ಅಲ್ಲಿಗೆ ಹೇಗೆ ಹೋದವು? ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೇನೋ ಹೇಳಿ, ಕಡೆಗೆ ಒಪ್ಪಿಕೊಂಡರು. ಕಾರ್ಡುಗಳು ರಾಶಿ ಬಿದ್ದಿದ್ದವು; ಯಾರಿಗೂ ಹೇಳದೆ ಅವರೇ ಹಾಕಿಸಿದ್ದರು. "ಇದನ್ನ ಬೇರೆ ಹಾಳೇಲಿ ಬರಕೋ ಸ್ವರೂಪ," ಎಂದರು ಬಾಲನರ್ಸಯ್ಯ.

ನಕ್ಷೆ ಬರೆಯುವ ಹುಡುಗಿ ಮೌನಿಕ, ಇಪ್ಪತ್ತಾರು ವರ್ಷ. ಪಂಚರನ್ನು ಕೂರಿಸಿಕೊಂಡು ಸೀಲು ತೆಗೆಸಿ, ಅಳಿಸಿದ ಕಡತಗಳ ಬುಟ್ಟಿಯನ್ನು ಅವಳಿಂದಲೇ ಜಾಲಾಡಿಸಿದರು. ನಾಲ್ಕೂ ಹತ್ತಕ್ಕೆ ಒಂದೇ ಒಂದು ಕೆಟ್ಟ ನಕ್ಷೆ ಸಿಕ್ಕಿತು, ನಾಲ್ಕನೇ ತಾರೀಖಿನದು. ಏಳನೇ ಸಾಲಿಗೆ ಹೋಗಬೇಕಾದ ಗೆರೆ ಆರಕ್ಕೆ ಹೋಗಿತ್ತು. ಜೊತೆಗೆ, ಹೀರುವ ಪ್ರತಿ ಚೌಕದ ಮುಂದೆ ಪುಟ್ಟದೊಂದು ಹಸಿರು ಚೌಕ: ಹೀರಿ ವಾಪಸು ಬಿಡು, ಮೂರು ಸಲ.

ಮೌನಿಕ ಹುಬ್ಬುಗಂಟಿಕ್ಕಿದಳು. ಅದು ತನ್ನದಲ್ಲ ಎಂದಳು. ದ್ರವ ಹೀರುವ ಪ್ಲಾಸ್ಟಿಕ್ ಮೂತಿ, ಅಂದರೆ ಟಿಪ್, ಒಣಗಿದ್ದರೆ ಅದರ ಗೋಡೆಗೆ ಮೊದಲ ಹನಿ ಅಂಟಿ ಅಳತೆ ಕಡಿಮೆಯಾಗುತ್ತದೆಂದು ಕೈಯಿಂದ ಮಾಡುವವರು ಟಿಪ್ಪನ್ನು ಮೊದಲು ಒದ್ದೆ ಮಾಡುತ್ತಾರಂತೆ. ಸಮಯ ಉಳಿಸಲು ಅವಳು ಆ ಚೌಕವನ್ನು ಬಿಟ್ಟಿದ್ದಳು.

"ಕೆಡಿಸೋಕೆ ಬಂದೋರು ಅಳತೆ ಯಾಕೆ ಸರಿ ಮಾಡ್ತಾರೆ ಸಾರ್?" ಎಂದಳು.

"ಹುಟ್ಟುಗುಣ ಸುಟ್ಟರೂ ಹೋಗಲ್ಲಮ್ಮ," ಎಂದಳು ಸ್ವರೂಪ.

ಮರುದಿನ ಒಂಬತ್ತಕ್ಕೆ ಬಾಲನರ್ಸಯ್ಯ ಹೆಂಗಸರು ಕೈಯಿಂದ ಅಳೆಯುವ ಕೋಣೆಗೆ ಹೋಗಿ ನಿಂತರು. ಏನೂ ಕೇಳಲಿಲ್ಲ, ಕೈಗಳನ್ನು ನೋಡಿದರು. ಮೀನಖಂಡ ಸಿಡಿಯುತ್ತಿತ್ತು, ಕುರ್ಚಿ ಕೊಟ್ಟರೂ ಕೂರಲಿಲ್ಲ, ಕೂತರೆ ಬೆರಳು ಕಾಣುತ್ತಿರಲಿಲ್ಲ. ಹತ್ತು ಜನ ಅಳೆದು ಹೀರುವ ಪಿಪೆಟ್ಟಿನ ಗುಂಡಿಯನ್ನು ಒಂದು ಸಲ ಒತ್ತಿ ಟಿಪ್ ಒದ್ದೆ ಮಾಡಿ ಮುಂದೆ ಹೋಗುತ್ತಿದ್ದರು. ಕಿಟಕಿ ಪಕ್ಕದ ಆಂಡಾಳು ಮಾತ್ರ ಮೂರು ಸಲ. ಇಪ್ಪತ್ತೆರಡು ವರ್ಷದ ಸರ್ವಿಸು. ಉಳಿದವರಿಗೆ ಕೆಲಸ ಕಲಿಸಿದವಳೂ ಅವಳೇ. ಬರಬರುತ್ತಾ ಅವರು ಮೂರನ್ನು ಒಂದಕ್ಕಿಳಿಸಿದ್ದರು, ಅವಳು ಇಳಿಸಿರಲಿಲ್ಲ.

ಹನ್ನೊಂದಕ್ಕೆ ಠಾಣೆಗೆ ಕರೆತಂದರು. ತನಗೇನೂ ಗೊತ್ತಿಲ್ಲವೆಂದಳು. ಕಂಪ್ಯೂಟರ್ ಮುಟ್ಟಲು ಬರುವುದಿಲ್ಲವೆಂದಳು. ಅರ್ಧ ಗಂಟೆಯಲ್ಲಿ ನಾನೇ ಕಲಿಸಿದ್ದೆ ಎಂದು ಮೌನಿಕ ಬರೆದುಕೊಟ್ಟ ಹೇಳಿಕೆ ತೋರಿಸಿದಾಗ ಅದೆಲ್ಲ ಮರೆತುಹೋಗಿದೆ ಎಂದಳು. ಹಸಿರು ಚೌಕದ ಚಿತ್ರವಿಟ್ಟರೂ ತನ್ನದಲ್ಲವೆಂದಳು. ಬಾಲನರ್ಸಯ್ಯನವರಿಗೆ ಗದರಿಸುವ ಶಕ್ತಿಯೂ ಉಳಿದಿರಲಿಲ್ಲ.

"ಆಂಡಾಳಮ್ಮ, ಅವು ಹಳೇ ಕಾರ್ಡಲ್ಲ. ಹೊಸ ಕೂಸುಗಳದ್ದು. ನಿಮ್ಮ ಡಾಕ್ಟರು ಕದ್ದು ಹಾಕಿಸಿದ್ರು."

ಅವಳು ಅವರ ಮುಖವನ್ನೇ ನೋಡಿದಳು. "ಸುಳ್ಳು."

ಸ್ವರೂಪ ಆ ಬೇರೆ ಹಾಳೆಯನ್ನು ಮುಂದಿಟ್ಟಳು. ಡಾಕ್ಟರ ಸಹಿ ಇತ್ತು. ಆಂಡಾಳು ಅದನ್ನು ಓದಿ ಮುಗಿಸಲಿಲ್ಲ. "ಪೆನ್ನು ಕೊಡಿ, ಬೇಗ ಕೊಡಿ," ಎಂದಳು. ಮೂರು ಪ್ಲೇಟಿನ ಚಿತ್ರ ಬರೆದಳು. ನಾಲ್ಕು, ಏಳು, ಹನ್ನೊಂದನೇ ತಾರೀಖು. ಒಂದೊಂದರಲ್ಲೂ ಒಂದು ಸಾಲಿಗೆ ಗೀಟು ಹಾಕಿದಳು. ಒಟ್ಟು ಇಪ್ಪತ್ತನಾಲ್ಕು ಕೂಸು.

ಸ್ವರೂಪ ಹಾಳೆ ಹಿಡಿದು ಜೀಪಿಗೆ ಓಡಿದಳು. ಹನ್ನೆರಡೂ ಐದಕ್ಕೆ ಆಂಡಾಳುವಿನ ಬಂಧನ ದಾಖಲಾಯಿತು, ಡಾ. ಶ್ರೀಕರ್ ಎರಡನೇ ಆರೋಪಿಯಾದರು. ಮೊದಲ ಏಳನೇ ಸಾಲು ಸೇರಿ ಇಪ್ಪತ್ತನಾಲ್ಕು ಕಾರ್ಡನ್ನೂ ಉಳಿದ ಹತ್ತು ಹೆಂಗಸರು ಊಟ ಬಿಟ್ಟು ಕೂತು ಪರೀಕ್ಷಿಸಿದರು. ಐದು ಗಂಟೆಗೆ ಫೋನು ಬಂತು. ಇನ್ನೊಂದು ಕೂಸಿಗೆ ಖಾಯಿಲೆ ಇದೆ, ಸಿದ್ಧಿಪೇಟೆ ಕಡೆಯದು, ಹದಿಮೂರು ದಿನ. ಅವತ್ತೇ ಮಾತ್ರೆ ಶುರುವಾಯಿತು.

ಅಷ್ಟು ಹೊತ್ತಿಗೆ ಆಂಡಾಳುವಿನ ಹೇಳಿಕೆಯೂ ಮುಗಿದಿತ್ತು. ಯಂತ್ರ ಬಂದ ಹೊಸದರಲ್ಲಿ ಮೌನಿಕ ಪಕ್ಕದಲ್ಲಿ ಕೂತು, ಅಕ್ಕಾ ಆಮೇಲೇನು ಮಾಡ್ತೀರಿ, ಆಮೇಲೆ, ಎಂದು ಕೇಳಿ ಕೇಳಿ ಅವಳ ಇಪ್ಪತ್ತೆರಡು ವರ್ಷವನ್ನು ನಲವತ್ತು ಚೌಕಗಳಲ್ಲಿ ಇಳಿಸಿಕೊಂಡಿದ್ದಳು. ಆ ನಕ್ಷೆ ಮುಗಿದ ಮಾರನೇ ದಿನ ಹನ್ನೊಂದು ಜನರಿಗೂ ನೋಟಿಸ್ ಬಂತು, ಮಾರ್ಚ್‌ನಿಂದ ಕೆಲಸವಿಲ್ಲ. ಯಂತ್ರ ಹಳೇ ಕಾರ್ಡಿನಲ್ಲಿ ತಪ್ಪಿದರೆ ವಾಪಸು ಕಳಿಸುತ್ತಾರೆ ಅಂದುಕೊಂಡು ಆಂಡಾಳು ನಕ್ಷೆಗೆ ಕೈ ಹಾಕಿದ್ದಳು. ಒದ್ದೆ ಮಾಡುವ ಚೌಕ ಯಾಕೆ ಸೇರಿಸಿದಿರಿ ಎಂದು ಬಾಲನರ್ಸಯ್ಯ ಕೇಳಿದ್ದಕ್ಕೆ, "ಒಂದು ಸಾಲು ತಪ್ಪಿಸಬೇಕಿತ್ತು ಸಾರ್, ಉಳಿದವು ಯಾಕೆ ಕೆಡಬೇಕು?" ಎಂದಳು.

ಸಿದ್ಧಿಪೇಟೆಯ ಕೂಸಿನ ಸುದ್ದಿ ಹೇಳಿದಾಗ ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು:

"ಮೊದಲು ಸಿಕ್ಕಿದ ಕೂಸಿಗೆ ಎಷ್ಟು ದಿನ?"

ಬಾಲನರ್ಸಯ್ಯ ಕಡತ ತಿರುವಿ ನೋಡಿದರು. ಕಾರ್ಡು ತಡವಾಗಿ ಬಂದಿತ್ತು. ಮಾತ್ರೆ ಶುರುವಾಗಿದ್ದು ನಿನ್ನೆ.

"ಇಪ್ಪತ್ತನಾಲ್ಕು."

ಎರಡು ವಾರದ ಲೆಕ್ಕವನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಣ್ಣೋ ಗಂಡೋ ಎಂದು ಕೇಳಿದಳು. ಹೆಣ್ಣು ಎಂದರು.