ಮಾಲಾಳ ಕೋಲಿನ ತೂಕ

"ಇದನ್ನ ಮಾಡಿದಾಂವ ಕಣ್ಣ ಮುಚ್ಚಿಕೊಂಡ ಮಾಡ್ಯಾನೇನು?"

ಮಾಲಾ ಯಾರನ್ನೂ ಕೇಳಿರಲಿಲ್ಲ. ಆ ಶೆಡ್ಡಿನಲ್ಲಿ ಕೇಳಲು ಯಾರೂ ಕಾಣಿಸಿರಲೂ ಇಲ್ಲ. ಹೊರಗೆ ಬನಹಟ್ಟಿಯ ಓಣಿ ತುಂಬ ಪವರ್‌ಲೂಮಿನ ಖಟಖಟ, ಒಳಗೆ ಕಟ್ಟಿಗೆ ಹೊಟ್ಟಿನ ವಾಸನೆ. ನೆಟ್ಟಗಿದೆಯೇ ನೋಡಲು ಅವಳು ಮೇಜಿನ ಮೇಲೆ ಉರುಳಿಸಿದ ಸ್ನೂಕರ್ ಕೋಲು ಕುಂಟುತ್ತ ಹೋಗಿ ನಿಂತಿತ್ತು.

"ಒಂದ ಕಣ್ಣ ಮುಚ್ಚೇ ಮಾಡೂದ್ರಿ. ಎರಡೂ ತೆರದ್ರ ಸೊಟ್ಟ ಕಾಣಂಗಿಲ್ಲ."

ಬೆಚ್ಚಿ ತಿರುಗಿದಳು. ಹಿಂಬಾಗಿಲಲ್ಲಿ ದುಂಡೇಶ ನಿಂತಿದ್ದ. ತನ್ನಪ್ಪ ಮಗ್ಗದ ಲಾಳಿ ಕಡೆಯುತ್ತಿದ್ದ ಯಂತ್ರದಲ್ಲೇ ಅವನೀಗ ಸ್ನೂಕರ್ ಕೋಲು ಕಡೆಯುತ್ತಿದ್ದ. ಹುಬ್ಬಿನ ಮೇಲೂ ಹೊಟ್ಟು ಕೂತಿತ್ತು.

"ಅದು ಬಾದ ಆಗಿದ್ದು. ಒಲಿಗೆ ಹಾಕಾಕ ಇಟ್ಟಿದ್ದೆ. ನೀವು ಹುಡುಕಿ ಹುಡುಕಿ ಅದನ್ನ ಹಿಡದ್ರಿ."

ನಗು ಬಂತು. ಮಾಲಾ ಅದನ್ನು ತುಟಿಯಲ್ಲೇ ತಡೆದಳು.

"ನನಗ ಹೊಸಾದು ಬೇಕು. ಹುಬ್ಬಳ್ಳಿಯೊಳಗ ರಾಜ್ಯಮಟ್ಟದ ಪಂದ್ಯ ಐತಿ. ಕ್ಲಬ್ಬಿನ ಕೋಲು ಊರ ಬಿಟ್ಟ ಒಯ್ಯಾಕ ಕೊಡಂಗಿಲ್ಲಂತ."

ಅವನು ಕೈ ಒರೆಸಿಕೊಂಡು, ಅವಳನ್ನೇ ನೋಡುತ್ತ ಕೇಳಿದ: "ಒಂಟಿನೋ, ಜೋಡಿನೋ?"

ಮಾಲಾಳ ಕಿವಿ ಕಾದವು. ಜಮಖಂಡಿಯ ದವಾಖಾನೆಯ ಲ್ಯಾಬಿನಲ್ಲಿ ನೌಕರಿ ಹಿಡಿದಾಗಿನಿಂದ ಬಂಧು-ಬಳಗವೆಲ್ಲ ಕೇಳುತ್ತಿದ್ದುದು ಇದೊಂದೇ ಮಾತು. ಈಗ ಗುರುತು ಪರಿಚಯ ಇಲ್ಲದ ಇವನೂ...

"ನಾ ಕೋಲು ತಗೊಳ್ಳಾಕ ಬಂದೇನಿ. ಕನ್ಯಾ ತೋರಸಾಕ ಬಂದಿಲ್ಲ."

"ರೀ... ನಾ ಕೇಳಿದ್ದು..."

ಉಳಿದದ್ದನ್ನು ಮಗ್ಗಗಳ ಸದ್ದು ನುಂಗಿತು. ಅವಳು ಆಟೋ ಹತ್ತಿಯಾಗಿತ್ತು.

ಮುಧೋಳದ ಯುವರಾಜನ ಅಂಗಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅವನೂ ಕೋಲು ತಯಾರಿಸುವವನೇ, ಆದರೆ ಎಲ್ಲವೂ ಹೊಸ ಯಂತ್ರದಲ್ಲಿ. ಮಾಲಾ ಒಂದನ್ನು ಉರುಳಿಸಿದಳು. ಎಣ್ಣೆ ಹರಿದಂತೆ ಹೋಯಿತು.

"ಒನ್ ಪೀಸ್ ಬೇಕೋ, ಟೂ ಪೀಸ್ ಬೇಕೋ? ನಡುವ ಬಿಚ್ಚಿ ಎರಡು ಮಾಡೂದೂ ಅದಾವ್ರಿ."

ಒಂಟಿ... ಜೋಡಿ...

ಶಿವನೇ, ಅವನು ಕೇಳಿದ್ದು ಕೋಲಿನ ಮಾತು.

ಮಾಲಾ ಬಾಯಿಬಿಟ್ಟು ನಕ್ಕಳು. ಆ ನಗು ತನಗೇ ಎಂದುಕೊಂಡ ಯುವರಾಜನ ಮುಖ ಅರಳಿತು.

"ಇದು ಭಾಳ ಹಗರ ಐತ್ರಿ. ತೂಕ ಹೆಚ್ಚ ಮಾಡಾಕ ಬರತೈತೇನು?"

"ಹೆಣ್ಣಮಕ್ಕಳ ಕೈಗೆ ಇಷ್ಟ ಸಾಕ್ರಿ," ಅಂದ, ಮೆತ್ತಗೆ, ನಗುನಗುತ್ತ. ಬೈದಿದ್ದರೂ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಅದೇ ವಾರ ಯುವರಾಜನ ಕಡೆಯ ಹಿರಿಯರು ಹೆಣ್ಣು ಕೇಳಲು ಜಮಖಂಡಿಯ ಮನೆಗೆ ಬಂದರು. ಅಂಗಡಿಯ ಆ ಕೋಲು ಹುಡುಗಿಗೆ ಉಡುಗೊರೆ ಎಂದರು. ಹುಬ್ಬಳ್ಳಿಯ ಪಂದ್ಯ ಇದೊಂದು ಸಲ ಆಡಲಿ, ಮದುವೆಯ ನಂತರ ಹೊರಗೆ ಆಟ ಬೇಡ ಎಂಬ ಮಾತೂ ಅದರ ಜೊತೆಗೇ ಬಂತು.

"ಮನಿಯಾಗ ಟೇಬಲ್ ಹಾಕಸ್ತಾರಂತ. ಇನ್ನೇನ ಬೇಕವಾ ನಿನಗ?" ಅಪ್ಪ ಹಾಲಸಿದ್ದಪ್ಪನ ದನಿಯಲ್ಲಿ ಹಿಗ್ಗಿತ್ತು.

"ಆಡಾಕ ಎದುರಿಗೆ ಯಾರರೆ ಬೇಕಲ್ಲ, ಯಪ್ಪಾ."

ಹಿಗ್ಗು ಇಳಿಯಿತು. ಹುಬ್ಬಳ್ಳಿಗೆ ಹೋಗುವುದೇ ಈಗ ಅನುಮಾನವಾಯಿತು.

ಆಯಿ ಮುದಕವ್ವನ ಮಗ್ಗುಲಲ್ಲಿ ಕೂತು ಮಾಲಾ ಬನಹಟ್ಟಿಯ ಸಂಗತಿ ಹೇಳಿದಳು. ಮುದುಕಿ ಉಸಿರು ಕಟ್ಟುವಷ್ಟು ನಕ್ಕಳು. ಆಮೇಲೆ ತಟ್ಟನೆ ಗಂಭೀರವಾದಳು. ಬೀರಪ್ಪನ ಗುಡಿ ಮುಂದೆ ಡೊಳ್ಳಿನ ಪದ ಕೇಳಿ ಕೇಳಿ ಹಣ್ಣಾದ ಜೀವ ಅದು. ಅಲ್ಲಿ ಒಂದು ಮೇಳ ಸವಾಲು ಹಾಕಿದರೆ ಎದುರಿನ ಮೇಳ ಪದ ಕಟ್ಟಿ ಉತ್ತರಿಸಲೇಬೇಕು.

"ಸವಾಲು ಕೇಳಿ ಸುಮ್ಮನ ಎದ್ದ ಬಂದ್ಯೇನ ಬೇ? ಹಾಡಕಿಯೊಳಗ ಹಂಗ ಎದ್ದವರು ಸೋತಂಗ. ನಮ್ಮ ಮನಿತನದಾಗ ಯಾರೂ ಹಂಗ ಸೋತಿಲ್ಲ. ಹೋಗು, ಉತ್ತರ ಕೊಟ್ಟ ಬಾ."

ಭಾನುವಾರ ಮಾಲಾ ಮತ್ತೆ ಆ ಶೆಡ್ಡಿನ ಬಾಗಿಲಲ್ಲಿ ನಿಂತಳು.

"ಒಂಟಿ."

ದುಂಡೇಶ ತಲೆ ಎತ್ತಿದ. "ಕೋಲ್ರಿ?"

"ಕೋಲೂ."

ಈ ಸಲ ಕಿವಿ ಕೆಂಪಾದದ್ದು ಅವನದು.

ಕೋಲಿನ ದಪ್ಪ ತುದಿಯಲ್ಲಿ ತೂತು ಕೊರೆದು, ತೂಕಕ್ಕೆಂದು ಅವನು ಸೀಸದ ಚೂರು ತುಂಬುತ್ತ ಹೋದ. ಒಂದೊಂದು ಚೂರಿಗೂ ಅವಳ ಕೈಗೆ ಕೊಟ್ಟು ಕೇಳಿದ.

"ಸಾಕ್ರಿ?"

"ಇನ್ನಷ್ಟು."

"ಈಗ?"

"ನಾ ಸಾಕು ಅನ್ನೂತನಕ ಹಾಕ್ರಿ."

ಹಾಕಿದ. ಹೆಣ್ಣುಮಕ್ಕಳ ಕೈ ಅನ್ನುವ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಮಾಲಾ ಕಾದಳು... ಬರಲೇ ಇಲ್ಲ.

"ಸಾಕು," ಅಂದಾಗ ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

ತೀಡುವುದು, ಒಣಗಿಸುವುದು, ಎಣ್ಣೆ ಕುಡಿಸುವುದು ಎಂದು ಆಮೇಲಿನ ಭಾನುವಾರಗಳೂ ಬನಹಟ್ಟಿಗೇ ಹೋದವು.

"ನಿಮಗ ಆಡಾಕ ಬರಂಗಿಲ್ಲೇನು?"

"ಚೆಂಡಿಗೂ ನನಗೂ ಆಗಿಬರಂಗಿಲ್ರಿ. ನಾ ಒಂದ ಕಡೆ ಹೊಡದ್ರ ಅದು ತವರಮನಿ ಕಡೆ ಹೋಗತೈತಿ."

ಪಂದ್ಯದ ಹಿಂದಿನ ದಿನ ಯುವರಾಜ ಜಮಖಂಡಿಯ ಕ್ಲಬ್ಬಿಗೇ ಬಂದ. ಕೈಯಲ್ಲಿ ಕೋಲು, ಜೊತೆಗೆ ಹಾಲಸಿದ್ದಪ್ಪ.

"ನಿಮ್ಮ ಕೋಲು ನೆಟ್ಟಗ ಐತ್ರಿ, ಖರೆ," ಮಾಲಾ ಅಂದಳು. "ಆದ್ರ ನನ್ನ ಕೈಗೆ ಎಷ್ಟ ಸಾಕು ಅನ್ನೂದು ನೀವ ಗೊತ್ತ ಮಾಡಿಬಿಟ್ರಿ. ಕೋಲಿಂದೂ, ಬಾಳಿಂದೂ. ನನಗ ಎರಡೂ ಬ್ಯಾಡ."

"ಸೋತ ಮ್ಯಾಲ ನೆನಪ ಮಾಡ್ಕೊತೀರಿ," ಎಂದು ಯುವರಾಜ ಕೋಲನ್ನು ಅಲ್ಲೇ ಬಿಟ್ಟು ನಡೆದ.

ಹಾಲಸಿದ್ದಪ್ಪ ಹಲ್ಲು ಕಚ್ಚಿದ. "ಹಂಗಾರ ನಾ ನಿನ್ನ ಹುಬ್ಬಳ್ಳಿಗೆ ಕಳಸಂಗಿಲ್ಲ."

"ಕಳಸಬ್ಯಾಡ ಯಪ್ಪಾ. ನಾನ ಹೊಕ್ಕೇನಿ."

ಮರುದಿನ ಮುಂಜಾನೆ ಜಮಖಂಡಿ ಬಸ್‌ಸ್ಟ್ಯಾಂಡ್. ಕೋಲಿನ ಉದ್ದನೆಯ ಚೀಲ ನೋಡಿ ಕಂಡಕ್ಟರ್ ಕೇಳಿದ: "ಏನ್ರವಾ, ಮೀನ ಹಿಡಿಯಾಕ ಹೊಂಟೀರೇನು?"

ಅಷ್ಟರಲ್ಲಿ ದುಂಡೇಶ ಏದುಸಿರು ಬಿಡುತ್ತ ಬಂದ. ಕೈಯಲ್ಲಿ, ಯುವರಾಜ ಕ್ಲಬ್ಬಿನಲ್ಲಿ ಬಿಟ್ಟುಹೋದ ಕೋಲು.

"ನಿನ್ನಿ ಸಂಗತಿ ಕೇಳಿ, ಕ್ಲಬ್ಬಿನವರ ಕಡಿಂದ ಇಸಕೊಂಡ ಬಂದೇನ್ರಿ. ಒಂದ ಕಣ್ಣ ಮುಚ್ಚಿ ನೋಡಿದೆ. ನನ್ನದಕ್ಕಿಂತ ನೆಟ್ಟಗ ಐತಿ. ಇದನ್ನ ಒಯ್ರಿ."

ಮಾಲಾ ಒಂದು ಹೆಜ್ಜೆ ಹಿಂದೆ ಸರಿದಳು. ಇವನೂ ನನ್ನನ್ನು ಅತ್ತ ತಳ್ಳುತ್ತಾನೆಯೇ...

"ಮಾಡಿದ ನೀವ ಹಂಗಂದ್ರ ಹೆಂಗ?"

"ಸೋತ್ರ ಮಂದಿ ನಿಮಗ ಅಂತಾರ್ರಿ. ಹಟಕ್ಕ ಬಿದ್ದ ಸೋತ್ಲು ಅಂತಾರ. ಅದನ್ನ ಕೇಳೂ ತ್ರಾಣ ನನಗಿಲ್ಲ."

"ಅಂದ್ರ ನನಗ ಅಂತಾರ. ನಿಮಗ ಯಾಕ ನೋವು?"

ದುಂಡೇಶ ಕೋಲನ್ನು ಕೈಯಿಂದ ಕೈಗೆ ಬದಲಿಸಿದ. ನೆಲ ನೋಡಿದ. ಆಮೇಲೆ ಅವಳನ್ನು ನೋಡಿದ.

"ಮಾಲಾ..." ಮೊದಲ ಸಲ 'ರಿ' ಇಲ್ಲದೆ. "ನಿನ್ನ ಮ್ಯಾಲ ಜೀವ ಇಟ್ಟೇನಿ. ಅದಕ್ಕ."

ಅವಳ ಕಣ್ಣು ತುಂಬಿದವು. ತುಂಬಿದ ಕಣ್ಣಲ್ಲೇ ನಕ್ಕಳು.

"ಇಷ್ಟ ಹೇಳಾಕ ಅವನ ಕೋಲು ಹೊತ್ತ ಬರಬೇಕಾಗಿತ್ತೇನು?"

ಬಸ್ಸು ಗುಡುಗಿತು. ಕಂಡಕ್ಟರ್ ಸೀಟಿ ಊದಿದ. ದುಂಡೇಶ ಕೈ ಚಾಚಿದ.

"ನನ್ನ ಮಾತ ಕೇಳು. ಅದನ್ನ ಇತ್ಲಾಗ ಕೊಡು, ಇದನ್ನ ಒಯ್ಯಿ."

ಮಾಲಾ ಚೀಲವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ತಿರುಗಿ, ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಒಲ್ಲೆ."