ಅನಘಾ ತುಂಬಿಟ್ಟ ಕೊಳವೆಗಳು

ಸಂಶೋಧನಾ ಪೇಪರಿನ ಮೇಲೆ ಲ್ಯಾಬಿನ ಎಲ್ಲರ ಹೆಸರಿತ್ತು, ಅನಘಾಳದು ಬಿಟ್ಟು. ಲಿವರ್ ಕ್ಯಾನ್ಸರ್ ಬೆಳೆಯುವಾಗ ರಕ್ತದಲ್ಲಿ ಏರುವ ಪ್ರೋಟೀನೊಂದನ್ನು ತೀರ ಸಣ್ಣ ಪ್ರಮಾಣದಲ್ಲೂ ಹಿಡಿಯುವ ಪರೀಕ್ಷೆಯನ್ನು ಕಟ್ಟಿದವಳು ಅವಳೇ. ಹ್ಯೂಸ್ಟನ್ನಿನ ಆ ಲ್ಯಾಬಿನ ಮುಖ್ಯಸ್ಥ ರಾಜಗೋಪಾಲ ನಯವಾಗಿಯೇ ಹೇಳಿದ್ದರು: “ಮುಂದಿನ ಪೇಪರಲ್ಲಿ ನೋಡೋಣ ಅನಘಾ. ನೀವು ನಮ್ಮೋರು, ಅರ್ಥ ಮಾಡ್ಕೋತೀರ.”

ಅರ್ಥ ಮಾಡಿಕೊಂಡಳು. ೨೦೧೬ರ ಆ ಬೇಸಿಗೆಯಲ್ಲಿ, ಊರಾಚೆ ಪೇರ್‌ಲ್ಯಾಂಡಿನ ಮನೆಯಿಂದ ದಿನವೂ ಲ್ಯಾಬಿಗೆ ಡ್ರೈವ್ ಮಾಡುತ್ತ, ಟ್ರಾಫಿಕ್ಕಿನಲ್ಲಿ ನಿಂತ ಕಾರಿನೊಳಗೆ ಯೋಜನೆ ಹೆಣೆದಳು.

ಅಂತಿಮ ಪ್ರಯೋಗಕ್ಕೆಂದು ಹಳೆಯ ರೋಗಿಗಳ ರಕ್ತದ ಕೊಳವೆಗಳು ಫ್ರೀಜರಿನಲ್ಲಿದ್ದವು. ಕೆಲವನ್ನು ತೆಗೆದು ಆರೋಗ್ಯವಂತರ ರಕ್ತ ಇಟ್ಟರೆ ಸಾಕು. ಕ್ಯಾನ್ಸರ್ ಇತ್ತೆಂದು ದಾಖಲೆ ಹೇಳುತ್ತದೆ, ಪರೀಕ್ಷೆ ಇಲ್ಲ ಎನ್ನುತ್ತದೆ, ಫಲಿತಾಂಶ ಪ್ರಕಟಿಸುವ ಆಸ್ಟಿನ್ನಿನ ಸಭೆಯಲ್ಲಿ ರಾಜಗೋಪಾಲರ ಮುಖ ನೋಡುವ ಹಾಗಿರುತ್ತದೆ. ಯಾವ ರೋಗಿಯ ಚಿಕಿತ್ಸೆಗೂ ಇದರಿಂದ ತೊಂದರೆಯಿಲ್ಲ ಎಂಬುದನ್ನು ಮತ್ತೆ ಮತ್ತೆ ಖಚಿತಪಡಿಸಿಕೊಂಡಳು. ಬೇರೆಯವರ ರಕ್ತ ತಂದರೆ ಸಾಕ್ಷಿ ಹುಟ್ಟುತ್ತದೆ. ಆದ್ದರಿಂದ ತನ್ನದನ್ನೇ ಬಳಸಿದಳು. ಎಲ್ಲದರಲ್ಲೂ ಒಂದೇ ಅಂಕಿ ಬಂದು ಅನುಮಾನವಾಗದಿರಲೆಂದು ಬೇರೆ ಬೇರೆ ವಾರಗಳಲ್ಲಿ ತೆಗೆದಳು.

ಫಲಿತಾಂಶ ಬಂತು. ಅವಳ ಒಂದೊಂದು ಕೊಳವೆಯಲ್ಲೂ ಪ್ರೋಟೀನ್ ಮಿತಿ ಮೀರಿತ್ತು. ರಾಜಗೋಪಾಲರ ಪ್ರಯೋಗ ಒಂದೂ ತಪ್ಪಿಲ್ಲದೆ ಗೆದ್ದಿತ್ತು. ಯಂತ್ರ ಕೆಟ್ಟಿರಬೇಕೆಂದು ಹೊಸದಾಗಿ ರಕ್ತ ತೆಗೆದು ನೋಡಿದಳು. ಇನ್ನೂ ಹೆಚ್ಚು. ವಾರದಿಂದ ವಾರಕ್ಕೆ ಅದು ಏರುತ್ತಲೇ ಇತ್ತು. ಊಟ ಸೇರದಿದ್ದುದಕ್ಕೆ, ಸುಮ್ಮನೆ ಸುಸ್ತಾಗುತ್ತಿದ್ದುದಕ್ಕೆ ಈಗ ಒಂದು ಹೆಸರು ಸಿಕ್ಕಿತು. ನಂಬದಿರೋಣವೆಂದರೆ, ಪರೀಕ್ಷೆ ತಾನೇ ಕಟ್ಟಿದ್ದು.

ಅವಳು ಅಳಲಿಲ್ಲ. ಗಂಡ ಅವಿನಾಶನಿಗೂ ಹೇಳದೆ ಸ್ಕ್ಯಾನಿಗೆ ದಿನ ಗೊತ್ತು ಮಾಡಿಕೊಂಡಳು. ಸಾಯುವವಳಿಗೆ ಕೆಲಸವೇನು, ಆ ಕೆಲಸವನ್ನೇ ನಂಬಿದ ವೀಸಾ ಏನು? ಗೆಲ್ಲಲು ಮಾತ್ರ ರಾಜಗೋಪಾಲರನ್ನು ಬಿಡಬಾರದು.

ಆಸ್ಟಿನ್ನಿನಲ್ಲಿ ಚಪ್ಪಾಳೆ ನಿಲ್ಲುವ ಮೊದಲೇ ಎದ್ದು ನಿಂತಳು. ಯಾವ ಯಾವ ಸಂಖ್ಯೆಯ ಕೊಳವೆಗಳಲ್ಲಿ ತನ್ನ ರಕ್ತವಿದೆ ಎಂದು ಇಡೀ ಸಭೆಗೆ ಇಂಗ್ಲಿಷಿನಲ್ಲಿ ಹೇಳಿದಳು. ರಾಜಗೋಪಾಲ ವೇದಿಕೆಯಿಂದಿಳಿದು ಹತ್ತಿರ ಬಂದರು.

“ಕೂತ್ಕೊಳ್ಳಿ ಅನಘಾ. ವೀಸಾ ನೆನಪಿದೆ ತಾನೆ?”

“ಅದನ್ನಿಟ್ಕೊಂಡು ನಾನೇನ್ ಮಾಡ್ಲಿ ಸರ್? ಪೇಪರಲ್ಲಿ ನನಗೆ ಜಾಗ ಇಲ್ಲ ಅಂದ್ರಿ. ಈಗ ಅದರ ತುಂಬಾ ನಾನೇ ಇದೀನಿ.”

ಅಂದು ಸಂಜೆಯೇ ಕೆಲಸ ಹೋಯಿತು. ಇನ್ನು ಮುಂದೆ ಯಾವ ಲ್ಯಾಬೂ ಕರೆಯುವುದಿಲ್ಲವೆಂದು ಗೊತ್ತಿದ್ದೂ ಅವಳು ಹಗುರಾಗಿ ಮನೆಗೆ ಡ್ರೈವ್ ಮಾಡಿದಳು.

ಮರುವಾರ ಸ್ಕ್ಯಾನ್ ಮಾಡಿದ ಡಾಕ್ಟರು ಲಿವರಿನಲ್ಲಿ ಏನೂ ಇಲ್ಲವೆಂದರು. ಆಮೇಲೆ ಕೈಯಲ್ಲಿದ್ದ ಉಪಕರಣವನ್ನು ಹೊಟ್ಟೆಯ ಕೆಳಭಾಗಕ್ಕೆ ಸರಿಸಿ, ಕಡೆಯ ಸಲ ಮುಟ್ಟಾದದ್ದು ಯಾವಾಗ ಎಂದು ಕೇಳಿದರು. ನಲವತ್ತನಾಲ್ಕಕ್ಕೆ ನಿಲ್ಲುವುದು ಎಷ್ಟೋ ಜನರಲ್ಲಿ ಉಂಟು ಎಂದು ಅನಘಾ ಅದನ್ನು ಗಮನಕ್ಕೇ ತಂದುಕೊಂಡಿರಲಿಲ್ಲ. ಪರದೆಯ ಮೇಲೆ ಪುಟ್ಟದೊಂದು ಹೃದಯ ಬಡಿಯುತ್ತಿತ್ತು. ಅವಳಿಗೆ ಎಂದೋ ಗೊತ್ತಿದ್ದದ್ದೇ: ಆ ಪ್ರೋಟೀನನ್ನು ಕ್ಯಾನ್ಸರಷ್ಟೇ ಅಲ್ಲ, ಗರ್ಭದಲ್ಲಿರುವ ಮಗುವಿನ ಲಿವರೂ ತಯಾರಿಸಿ ತಾಯಿಯ ರಕ್ತಕ್ಕೆ ಸೇರಿಸುತ್ತದೆ.