ಮುಂದಿನ ಬೆಂಚಿನ ಬಾಡಿಗೆ

"ನಾಲ್ಕೇ ನೋಟು! ಒಂದು ಕಮ್ಮಿ," ಎಂದ ಕ್ಲಾಸಿನ ಕ್ಯಾಷಿಯರ್ ಆಗಿದ್ದ ಹುಡುಗ, ಎಲ್ಲರಿಗೂ ಕೇಳುವ ಹಾಗೆ.

ಗುಬ್ಬಿ ತಲೆ ತಗ್ಗಿಸಿದಳು. ಅವಳ ಐದನೇ ಕ್ಲಾಸಿನಲ್ಲಿ ಶುಕ್ರವಾರವೆಂದರೆ ಬಾಡಿಗೆ ದಿನ. ಮಕ್ಕಳಿಗೆ ದುಡ್ಡಿನ ಬೆಲೆ ಗೊತ್ತಾಗಲಿ ಎಂದು ಟೀಚರ್ ಹಸಿರು ಕಾಗದದಲ್ಲಿ ನೋಟು ಮಾಡಿ, ಸೀಲು ಒತ್ತಿದ್ದರು. ಹೋಂವರ್ಕಿಗೆ ದಿನಾ ಎರಡು ನೋಟು. ಗುರುವಾರ ತಲೆ, ಉಗುರು ಅಚ್ಚುಕಟ್ಟಾಗಿದ್ದರೆ ಇನ್ನೆರಡು. ಲೇಟಾಗಿ ಬಂದರೆ ಎರಡು ಕಟ್. ಮುಂದಿನ ಬೆಂಚಿಗೆ ವಾರಕ್ಕೆ ಐದು ಬಾಡಿಗೆ, ಕೊನೆಯ ಬೆಂಚಿಗೆ ಒಂದೇ.

ಗುಬ್ಬಿ ಒಂದು ದಿನವೂ ಹೋಂವರ್ಕ್ ತಪ್ಪಿಸಿರಲಿಲ್ಲ. ಆದರೆ ನಾಲ್ಕು ದಿನ ಲೇಟು.

"ಮಿಸ್, ಆ ಒಂದು ನೋಟು ನಾನು ಕೊಡ್ತೀನಿ!" ಪಕ್ಕದಲ್ಲಿದ್ದ ಗೆಳತಿ ಪಟಾಕಿ ಎದ್ದು ನಿಂತಳು. ಒಂದನೇ ಕ್ಲಾಸಿನಿಂದಲೂ ಅವರಿಬ್ಬರದ್ದು ಒಂದೇ ಬೆಂಚು.

"ಸಾಲ ಬೇಡ. ತನ್ನ ಬಾಡಿಗೆ ತಾನೇ ಕಟ್ಟೋದನ್ನ ಕಲೀಲಿ," ಎಂದರು ಟೀಚರ್. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾಕಮ್ಮ ದಿನಾ ಲೇಟು? ಸ್ವಲ್ಪ ಬೇಗ ಏಳಬಾರದಾ?"

ಗುಬ್ಬಿ ಐದೂವರೆಗೇ ಎದ್ದಿದ್ದಳು. ಅಮ್ಮ ಏಳೂವರೆಗೆ ಲಾಂಡ್ರಿಗೆ ಹೊರಟ ಮೇಲೆ, ಪುಟ್ಟ ತಮ್ಮನನ್ನು ಬೇಬಿ ಸಿಟ್ಟಿಂಗಿಗೆ ಬಿಡುವುದು ಅವಳ ಕೆಲಸ. ಅಲ್ಲಿನ ಆಂಟಿ ಹೆಚ್ಚಿನ ದಿನ ಬಾಗಿಲು ತೆಗೆಯುವುದು ಒಂಬತ್ತಕ್ಕೆ. ಶಾಲೆಯ ಬೆಲ್ಲೂ ಒಂಬತ್ತಕ್ಕೆ. ಅಷ್ಟು ಜನರ ಮುಂದೆ ಇದನ್ನೆಲ್ಲ ಹೇಳುವುದು ಹೇಗೆ?

ಬ್ಯಾಗು ಎತ್ತಿಕೊಂಡು ಕೊನೆಯ ಬೆಂಚಿಗೆ ನಡೆದಳು.

"ಬಾಡಿಗೆ ಕಟ್ಟಿಲ್ಲ, ಮನೆ ಖಾಲಿ!" ಎಂದು ಯಾರೋ ಕಿಸಕ್ಕೆಂದರು. ಕ್ಯಾಷಿಯರ್ ಐದು ನೋಟು ಎಣಿಸಿಟ್ಟು ಪಟಾಕಿಯ ಪಕ್ಕ ಹೋಗಿ ಕೂತ. ಪಟಾಕಿ ಅವನಿಗೆ ಬೆನ್ನು ತಿರುಗಿಸಿದಳು.

ಸಂಜೆ ತಮ್ಮನನ್ನು ಕರೆದುಕೊಂಡು ಗುಬ್ಬಿ ನೇರ ಲಾಂಡ್ರಿಗೆ ಹೊರಟಳು. 'ಸೋಮವಾರದಿಂದ ಇವನನ್ನು ನೀನೇ ಬಿಡು' ಎಂದು ಅಮ್ಮನಿಗೆ ಹೇಳಿಬಿಡಬೇಕು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದಳು.

ಲಾಂಡ್ರಿಯೊಳಗೆ ಬಿಸಿ ಆವಿ ತುಂಬಿತ್ತು. ಅಮ್ಮ ಕೊನೆಯ ಬೆಡ್‌ಶೀಟ್ ಮಡಿಸಿಟ್ಟು, ವಾರದ ಸಂಬಳಕ್ಕೆ ಸೂಪರ್‌ವೈಸರ್ ಮುಂದೆ ನಿಂತಿದ್ದಳು.

"ನಿಮ್ಮದು ಅರ್ಧ ದಿನ ಕಟ್. ಗುರುವಾರ ಹತ್ತು ನಿಮಿಷ ಲೇಟು," ಎಂದ ಅವನು.

"ಹತ್ತೇ ನಿಮಿಷ ಅಣ್ಣ. ಸಂಜೆ ಅರ್ಧ ಗಂಟೆ ಜಾಸ್ತಿ ನಿಂತಿದ್ದೆನಲ್ಲ."

"ರೂಲ್ಸ್ ನಾನು ಮಾಡಿದ್ದಲ್ಲಮ್ಮ. ಅಂಥಾದ್ದೇನಾಗಿತ್ತು ಅವತ್ತು?"

"ಏನೋ, ಮನೇಲಿ ಸ್ವಲ್ಪ ಕೆಲಸ," ಎಂದಳು ಅಮ್ಮ.

ಬಾಗಿಲ ಬಳಿ ಗುಬ್ಬಿ ನಿಂತಲ್ಲೇ ನಿಂತಳು. ಗುರುವಾರ! 'ಒಂದು ಜಡೆ ಮೇಲೆ, ಒಂದು ಜಡೆ ಕೆಳಗೆ ಆಗಿದೆ. ಬಿಚ್ಚಿ ಮತ್ತೆ ಹಾಕು' ಎಂದು ಹಠ ಹಿಡಿದಿದ್ದು ಅವಳೇ. ಅಮ್ಮ ಗಡಿಯಾರ ನೋಡುತ್ತ ನೋಡುತ್ತ ಎರಡು ಸಲ ಬಿಚ್ಚಿ ಹೆಣೆದಿದ್ದಳು. ಅವತ್ತು ಗುಬ್ಬಿಗೆ ಎರಡು ಹಸಿರು ನೋಟು ಸಿಕ್ಕಿದ್ದವು.

ಅಮ್ಮ ಹೊರಗೆ ಬಂದವಳೇ ತಮ್ಮನನ್ನು ಎತ್ತಿಕೊಂಡಳು. "ಏನೇ, ಮುಖ ಇಷ್ಟು ಸಣ್ಣ ಮಾಡ್ಕೊಂಡಿದ್ದೀಯ? ಏನಾದ್ರೂ ಹೇಳ್ಬೇಕಿತ್ತಾ?"

"ಏನಿಲ್ಲ."

ತಿರುವು ದಾಟುವಷ್ಟರಲ್ಲಿ ಅಮ್ಮನ ಹೆಗಲ ಮೇಲೆ ತಮ್ಮ ನಿದ್ದೆ ಹೋದ.

"ಅಮ್ಮ, ಸೋಮವಾರದಿಂದ ನೀನು ಏಳೂಕಾಲಿಗೇ ಹೊರಡು. ಇವನಿಗೆ ತಿಂಡಿ ನಾನೇ ತಿನ್ನಿಸ್ತೀನಿ."

"ನಿನಗೆ ಸ್ಕೂಲಿಗೆ ಲೇಟಾಗಲ್ವೇನೇ?"

"ಇಲ್ಲಮ್ಮ, ಆಗಲ್ಲ," ಎಂದಳು ಗುಬ್ಬಿ. ಅಮ್ಮ ಮತ್ತೇನಾದರೂ ಕೇಳುವ ಮೊದಲೇ ಅವಳ ಕೈಯಲ್ಲಿದ್ದ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡು, ಎರಡು ಹೆಜ್ಜೆ ಮುಂದೆ ನಡೆದಳು.